ಮೀಟರ್ 600 ಅಂದರೆ ಇಂಜಿನ್ 800

ಪ್ರಶ್ನೆ: ಸಾರ್, ನನ್ನದು ಹಳೇ ಕಾರ್ಬ್ಯುರೇಟರ್ ಓಮ್ನಿ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತೆ ಅಂತ ತೋರಿಸುವ ಆರ್‌ಪಿಎಂ ಮೀಟರನ್ನು ಮೈಸೂರಿಂದ ತಂದು ಹಾಕಿಸಿದೆ. ನ್ಯೂಟ್ರಲ್‌ನಲ್ಲಿ ಬರೀ 600 ತೋರಿಸುತ್ತೆ. ‘ಸ್ಲೋ (ಗಾಡಿ ನಿಂತಿರುವಾಗಿನ ಇಂಜಿನ್ ವೇಗ) ಕಮ್ಮಿಯಾಗಿದೆ, ಏರಿಸೋಣ’ ಅಂತಾರೆ ಮೆಕ್ಯಾನಿಕ್. ಹೆಡ್‌ಲೈಟ್ ಹಾಕಿದರೆ ಮುಳ್ಳು ಬೇರೆ ಕುಣಿಯುತ್ತೆ.
– ಓದುಗರು, ಪಾಂಡವಪುರ

ಉತ್ತರ: ಸ್ಲೋ ಏರಿಸುವ ಸ್ಕ್ರೂ ಮುಟ್ಟಲು ಬಿಡಬೇಡಿ ಸ್ವಾಮಿ. ನಿಮ್ಮ ಇಂಜಿನ್ ಸರಿಯಾಗೇ ಇದೆ. ಈ ಮೀಟರ್ ಇಂಜಿನ್ ಸುತ್ತುವುದನ್ನು ನೋಡುವುದಿಲ್ಲ, ಪ್ಲಗ್‌ಗಳಿಗೆ ಕಿಡಿ ಒದಗಿಸುವ ಕಾಯಿಲ್ ಎಷ್ಟು ಸಲ ಕಿಡಿ ಕೊಟ್ಟಿತು ಅಂತ ಎಣಿಸುತ್ತೆ, ಅಷ್ಟೇ. 4 ಸಿಲಿಂಡರ್ ಗಾಡಿಯಲ್ಲಿ ಎರಡು ಸುತ್ತಿಗೆ 4 ಕಿಡಿ. ಓಮ್ನಿಯ 796 ಸಿಸಿ ಇಂಜಿನ್‌ಗೆ ಇರುವುದೇ 3 ಸಿಲಿಂಡರ್, ಎರಡು ಸುತ್ತಿಗೆ 3 ಕಿಡಿ. ಮೀಟರ್ ಹಿಂದಿನ, ಸಿಲಿಂಡರ್ ಸಂಖ್ಯೆ ಆರಿಸುವ ಸ್ವಿಚ್ 4ರಲ್ಲಿದ್ದರೆ ಮುಕ್ಕಾಲು ಪಾಲೇ ಕಾಣುವುದು, 800 ಇದ್ದರೆ 600. ಮುಳ್ಳನ್ನು 800ಕ್ಕೆ ತಂದರೋ, ಇಂಜಿನ್ ನಿಜಕ್ಕೂ 1,060 ದಾಟಿರುತ್ತೆ. ಪೆಟ್ರೋಲ್ ದಂಡ.

ಇಂಥ ಎಷ್ಟೋ ಮೀಟರ್‌ಗಳಲ್ಲಿ 4, 6, 8 ಇರುತ್ತೆ, 3 ಇರಲ್ಲ. 6ಕ್ಕೆ ಹಾಕಿಬಿಡಿ, ತೋರಿಸಿದ್ದರ ಎರಡರಷ್ಟು ನಿಜ. ಶ್ರೀರಂಗಪಟ್ಟಣದ ಟ್ರಾಫಿಕ್‌ನಲ್ಲಿ ಮುಕ್ಕಾಲಿನ ಲೆಕ್ಕ ಯಾರು ಹಾಕುತ್ತಾರೆ!

ಮುಳ್ಳು ಕುಣಿಯುವುದು ಬಹುಪಾಲು ಅರ್ಥ್ ಸಡಿಲದಿಂದ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ಗೆ ಕೂತ ಸ್ಕ್ರೂಗೆ ಕಪ್ಪು ವೈರ್ ಸಿಕ್ಕಿಸಿರುತ್ತಾರೆ. ಬಾಡಿಯ ತಗಡಿನ ಮೇಲೆ ಪೇಂಟ್ ಕೆರೆದು ಬೋಲ್ಟ್ ಮಾಡಿಸಿ. ಮೀಟರ್‌ಗೆ ಕರೆಂಟ್ ಕೀ ಆನ್ ಮಾಡಿದಾಗ ಮಾತ್ರ ಬರುವ ವೈರ್‌ನಿಂದ, ನಡುವೆ ಸಣ್ಣ ಫ್ಯೂಸ್ ಇಟ್ಟು ಕೊಡಿಸಿ.

ನೀವು ಕೇಳದ್ದನ್ನೂ ಹೇಳುತ್ತೇನೆ. ಕಿಡಿ ಎಣಿಸಲು ಮೀಟರ್‌ನಿಂದ ಹೋಗುವ ಸಿಗ್ನಲ್ ವೈರ್ ಕಾಯಿಲ್‌ನ ನೆಗೆಟಿವ್‌ಗೆ ಸೇರಿರುತ್ತೆ. ಅದರ ಮೇಲಿನ ಪ್ಲಾಸ್ಟಿಕ್ ಸವೆದು ಬಾಡಿಗೆ ತಾಗಿತೋ, ಕಿಡಿ ಬಂದ್, ಗಾಡಿ ನಡುರಸ್ತೆಯಲ್ಲಿ ನಿಂತಿತು. ಯಾರೂ ಮೀಟರ್ ಮೇಲೆ ಅನುಮಾನ ಪಡುವುದಿಲ್ಲ. ಕಾಯಿಲ್, ಪ್ಲಗ್ ಅಂತ ಒಂದೊಂದೇ ಬದಲಾಯಿಸುತ್ತಾ ಹೋಗುತ್ತಾರೆ. ಓಮ್ನಿಯಲ್ಲಿ ಇಂಜಿನ್ ಸೀಟಿನ ಕೆಳಗೇ ಇರುವುದರಿಂದ ಬಿಸಿಯೂ ಹೆಚ್ಚು, ಉಜ್ಜಾಟವೂ ಹೆಚ್ಚು. ವೈರ್‌ಗೆ ಸ್ಲೀವ್ ಹಾಕಿಸಿ, ತಗಡಿನ ತೂತಿಗೆ ರಬ್ಬರ್ ಬುಷ್ ಕೂರಿಸಿ, ಪ್ಲಗ್ ವೈರ್‌ಗಳಿಂದ ದೂರ ಇಡಿಸಿ.

ಪ್ರಶ್ನೆ: ಇದೇ ಮೀಟರ್ ನನ್ನ ಡೀಸೆಲ್ ಪಿಕಪ್‌ಗೆ ಆಗುತ್ತಾ?
– ಓದುಗರು, ಮದ್ದೂರು

ಉತ್ತರ: ಆಗಲ್ಲ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ, ಎಣಿಸುವುದೇನನ್ನು? ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಲ್ಲಿ ‘W’ ಅಂತ ಗುರುತಿರುವ ಟರ್ಮಿನಲ್‌ನಿಂದ ಸಿಗ್ನಲ್ ತೆಗೆಯುವ ಡೀಸೆಲ್ ಮೀಟರ್ ಕೇಳಿ. ಪುಲ್ಲಿ ಅಳತೆಗೆ ತಕ್ಕಂತೆ ಅದನ್ನು ಸೆಟ್ ಮಾಡಬೇಕು. ಅದು ಬರುವವರ ಕೈಯಲ್ಲೇ ಹಾಕಿಸಿ.