ಕೊಲೆಸ್ಟ್ರಾಲ್ ಮಾತ್ರೆಯಿಂದ ಸಕ್ಕರೆ ಕಾಯಿಲೆ ಬರುತ್ತದೆಂದು ಓದಿದೆ. ಮಾತ್ರೆ ನಿಲ್ಲಿಸಲೇ?

ನಿಮಗೆ 34 ವರ್ಷ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 236, ತಂದೆಗೆ 47ಕ್ಕೇ ಹೃದಯಾಘಾತ, ತಾಯಿಗೆ ಮಧುಮೇಹ. ಅಂಕಿಗಳನ್ನು ಕೊಂಚ ಹಿಂದುಮುಂದು ಮಾಡಿದರೆ 2018ರಲ್ಲಿ ನನ್ನ ಸ್ಥಿತಿಯೂ ಹೀಗೆಯೇ ಇತ್ತು.

ನಾನು ಶಿರಸಿ ಸೀಮೆಯ ಅಡಿಕೆ ಬೆಳೆಗಾರ. ನನ್ನ ತಂದೆ 46ನೆಯ ವಯಸ್ಸಿನಲ್ಲಿ ಬೆಳಿಗ್ಗೆ ತೋಟಕ್ಕೆ ಇಳಿದವರು ಮರಳಿ ಬರಲಿಲ್ಲ. ಅವರ ಬೆರಳಿನ ಗೆಣ್ಣುಗಳ ಮೇಲೆ ಗಂಟುಗಳಿದ್ದವು, ಹಿಮ್ಮಡಿಯ ಹಿಂಭಾಗ ದಪ್ಪವಾಗಿತ್ತು. ಕತ್ತಿ, ಗುದ್ದಲಿ ಹಿಡಿದು ದುಡಿದದ್ದರಿಂದ ಹಾಗಾಗಿದೆ ಎಂದೇ ಮನೆಯವರೆಲ್ಲ ತಿಳಿದಿದ್ದೆವು. ಅವು ಕೊಲೆಸ್ಟ್ರಾಲ್ ಕಟ್ಟಿಕೊಂಡ ಗಂಟುಗಳೆಂದು ವೈದ್ಯರು ವಿವರಿಸಿದ್ದು 2016ರಲ್ಲಿ, ನನ್ನ ಎಲ್‌ಡಿಎಲ್ 248 ಬಂದಾಗ. ರಕ್ತದಿಂದ ಎಲ್‌ಡಿಎಲ್ ಅನ್ನು ಒಳಗೆಳೆದುಕೊಳ್ಳುವ ಯಕೃತ್ತಿನ ಗ್ರಾಹಕಗಳಲ್ಲೇ ಹುಟ್ಟಿನಿಂದ ಕೊರತೆಯಿರುವ ಈ ತೊಂದರೆ ಊಟದ ತಪ್ಪಿನಿಂದ ಬಂದದ್ದಲ್ಲ. ಬರಿಯ ಪಥ್ಯದಿಂದ ಹೋಗುವಂಥದ್ದೂ ಅಲ್ಲ. ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಔಷಧಿಗಳ ಗುಂಪಿಗೆ ಸೇರಿದ ರೋಸುವಾಸ್ಟಾಟಿನ್ 20 ಮಿಲಿಗ್ರಾಂ ಮಾತ್ರೆ ನನ್ನ ಎಲ್‌ಡಿಎಲ್ ಅನ್ನು 121ಕ್ಕೆ ಇಳಿಸಿತ್ತು.

2018ರ ಮೇ ತಿಂಗಳಲ್ಲಿ ನನ್ನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 5.9 ಬಂತು, ಅಂದರೆ ಮಧುಮೇಹದ ಅಂಚು. ಅದೇ ವಾರ ಸ್ಟಾಟಿನ್ ಮತ್ತು ಮಧುಮೇಹದ ನಂಟಿನ ಬಗ್ಗೆ ಓದಿ, ವೈದ್ಯರಿಗೆ ಒಂದು ಮಾತೂ ಹೇಳದೆ ಮಾತ್ರೆ ಬಿಟ್ಟೆ. ಆದರೆ ನನ್ನನ್ನು ಮುಳುಗಿಸಿದ ತಪ್ಪು ಅದೊಂದೇ ಅಲ್ಲ. ಅದರ ಮುಂದಿನದನ್ನು ಬಿಡಿಸಿ ಹೇಳಬೇಕು. ಬಿಟ್ಟ ಮೇಲೆ ಮೂರು ತಿಂಗಳಿಗೊಮ್ಮೆ ಪೇಟೆಗೆ ಹೋಗಿ ಸಕ್ಕರೆಯನ್ನು ಮಾತ್ರ ಪರೀಕ್ಷೆ ಮಾಡಿಸುತ್ತಿದ್ದೆ. ಕೊಲೆಸ್ಟ್ರಾಲ್ ಪರೀಕ್ಷೆಗೆ ಇನ್ನೂ ಕೆಲವು ನೂರು ರೂಪಾಯಿ ಬೇಕಿತ್ತು, ಆ ಚೀಟಿ ನೋಡುವ ಧೈರ್ಯವೂ ಇರಲಿಲ್ಲ. ಎಚ್‌ಬಿಎ1ಸಿ 5.7ಕ್ಕೆ ಇಳಿದಾಗ ಮಾತ್ರೆ ಬಿಟ್ಟದ್ದಕ್ಕೇ ಫಲ ಸಿಕ್ಕಿತೆಂದು ಹಿಗ್ಗಿದೆ. ಅದೇ ಅವಧಿಯಲ್ಲಿ ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟು ಸಂಜೆ ನಾಲ್ಕು ಕಿಲೋಮೀಟರ್ ನಡೆಯತೊಡಗಿದ್ದೆನೆಂಬುದು, ಮತ್ತು ಇವೆರಡನ್ನೂ ಮಾತ್ರೆ ನುಂಗುತ್ತಲೇ ಮಾಡಬಹುದಿತ್ತೆಂಬುದು, ಹೊಳೆಯಲೇ ಇಲ್ಲ. ತಕ್ಕಡಿಯ ಒಂದು ತಟ್ಟೆಯನ್ನಷ್ಟೇ ನೋಡುತ್ತ ಹತ್ತೊಂಬತ್ತು ತಿಂಗಳು ಕಳೆದೆ.

2019ರ ಡಿಸೆಂಬರಿನಲ್ಲಿ ಕೊನೆಕೊಯ್ಲಿನ ಕಾಲ. ರಾತ್ರಿ ಅಡಿಕೆ ಸುಲಿಯುತ್ತ ಕುಳಿತಿದ್ದಾಗ ಎದೆ ಹಿಂಡಿದಂತಾಯಿತು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಮಲಗಿದೆ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ಸ್ಟೆಂಟ್ ಹಾಕಿದರು, ಆದರೆ ಅಷ್ಟರಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿತ್ತು. ಆ ದಿನದ ಎಲ್‌ಡಿಎಲ್ 251.

ನೀವು ಓದಿದ್ದು ಸುಳ್ಳಲ್ಲ. ಆದರೆ ಅದರ ಪ್ರಮಾಣವನ್ನೂ ಓದಬೇಕಿತ್ತು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 13 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, 255 ಜನ ನಾಲ್ಕು ವರ್ಷ ಸ್ಟಾಟಿನ್ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಮಧುಮೇಹ ಬರುತ್ತದೆ. ನಮ್ಮಂಥ ಆನುವಂಶಿಕ ತೊಂದರೆಯವರದು ಇನ್ನೂ ವಿಚಿತ್ರ: 63 ಸಾವಿರಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನದಲ್ಲಿ ಈ ದೋಷವಿದ್ದವರಲ್ಲಿ ಮಧುಮೇಹ ಶೇ. 1.75, ದೋಷವಿಲ್ಲದ ಅವರದೇ ಬಂಧುಗಳಲ್ಲಿ ಶೇ. 2.93 ಇತ್ತು. ಇದನ್ನು ರಕ್ಷಾಕವಚವೆಂದು ನಂಬಿ ಕೂರಬೇಡಿ. ನಾನು ಮತ್ತೆ ಮಾತ್ರೆ ಶುರುಮಾಡಿದ ಎರಡು ವರ್ಷಕ್ಕೆ ನನಗೂ ಮಧುಮೇಹ ಬಂದೇ ಬಂತು. ಮಾತ್ರೆಯಿಂದಲೋ ತಾಯಿಯ ಕಡೆಯಿಂದಲೋ ಯಾರು ಬಲ್ಲರು. ಅದಕ್ಕೆ ರಾತ್ರಿ ಊಟದ ನಂತರ ಒಂದು ಮೆಟ್‌ಫಾರ್ಮಿನ್ ನುಂಗುತ್ತೇನೆ. ಹೃದಯದ ಕಥೆ ಹಾಗಲ್ಲ: ತೋಟದಿಂದ ಮನೆಯ ದಿಬ್ಬ ಹತ್ತುವಾಗ ಈಗಲೂ ಎರಡು ಕಡೆ ನಿಲ್ಲುತ್ತೇನೆ.

ಹಾಗಾಗಿ ಮಾತ್ರೆಯೋ ಸಕ್ಕರೆಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೊಲೆಸ್ಟ್ರಾಲ್ ಸ್ವಲ್ಪವೇ ಏರಿದವರು ಬೇಕಾದರೆ ಹಾಗೆ ತೂಗಿ ನೋಡಲಿ, 236 ಇರುವ ನಿಮಗೆ ಅದು ಸಲ್ಲದು. ಭಯವಿದ್ದರೆ ವೈದ್ಯರ ಎದುರೇ ಹೇಳಿ. ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಮಾತ್ರೆಯಾದ ಎಜೆಟಿಮೈಬ್ ಸೇರಿಸಿ ಸ್ಟಾಟಿನ್ ಪ್ರಮಾಣ ತಗ್ಗಿಸಲು ಬರುತ್ತದೆಯೇ ಎಂದು ಕೇಳಿ. ಸಕ್ಕರೆ, ಕೊಲೆಸ್ಟ್ರಾಲ್ ಎರಡೂ ಪರೀಕ್ಷೆಗಳನ್ನು ಒಟ್ಟಿಗೇ ಮಾಡಿಸಿ.

ಇಬ್ಬರು ತಮ್ಮಂದಿರಿದ್ದಾರೆ ಎಂದು ಬರೆದಿದ್ದೀರಿ, ಅವರ ಎಲ್‌ಡಿಎಲ್ ಎಷ್ಟೆಂದು ಬರೆದಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿಯೊಬ್ಬ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಕುಮಟೆಯಲ್ಲಿರುವ ನನ್ನ ತಮ್ಮನದು 224 ಎಂದು ಗೊತ್ತಾದದ್ದು, ಅವನು ಹುಬ್ಬಳ್ಳಿಯ ಆಸ್ಪತ್ರೆಗೆ ನನಗೆ ಊಟ ತಂದ ದಿನ.