ತೂಕದ ಯಂತ್ರ ಹೇಳುವುದೂ ಮಗು ಹೇಳುವುದೂ

ಪಾಂಡವಪುರ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರಾಂಶ ಇದು: ಅವರ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕಿದ್ದು, ಮಗಳು ಊರಿನಲ್ಲಿ ನೆಂಟರ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ಶಾಲೆಗೆ ಬಂದ ಆರೋಗ್ಯ ತಪಾಸಣಾ ತಂಡದ ಪ್ರಕಾರ ಅವಳ ತೂಕ ವಯಸ್ಸಿಗೆ ಇರಬೇಕಾದುದಕ್ಕಿಂತ ಕಡಿಮೆ. ಆದರೂ ‘ನಾನು ದಪ್ಪ ಇದ್ದೀನಿ ಮಿಸ್’ ಎಂದು ಬಿಸಿಯೂಟದಲ್ಲಿ ಅರ್ಧ ಬಿಟ್ಟು ಏಳುತ್ತಾಳೆ. ಅದೇ ತರಗತಿಯ ಒಬ್ಬ ಹುಡುಗ ನಿಜವಾಗಿಯೂ ಸ್ಥೂಲಕಾಯದವನು. ಅವನ ಮನೆಯಲ್ಲಿ ದುಡ್ಡಿಗೆ ಕೊರತೆಯಿಲ್ಲ, ಆದರೆ ಅವನು ಉಂಡನೋ ಬಿಟ್ಟನೋ ನೋಡುವವರಿಲ್ಲ. ತನ್ನ ಮೈ ಸರಿಯಾಗಿಯೇ ಇದೆ ಎನ್ನುತ್ತಾನೆ. ಸಹೋದ್ಯೋಗಿಗಳು ಎಲ್ಲಕ್ಕೂ ಮೊಬೈಲನ್ನು ದೂರುತ್ತಾರೆ. ‘ಮನೆಯವರ ಅಲಕ್ಷ್ಯಕ್ಕೂ ಮಗು ತನ್ನ ಮೈತೂಕವನ್ನು ತಪ್ಪಾಗಿ ತಿಳಿಯುವುದಕ್ಕೂ ನಂಟಿದೆಯೇ? ಇದ್ದರೆ ಶಿಕ್ಷಕರು ಏನು ಮಾಡಬಹುದು?’ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ನಂಟಿದೆ. ಆದರೆ ಅಲಕ್ಷ್ಯದಿಂದ ತೂಕ ಏರುತ್ತದೆ, ಏರಿದ ತೂಕದಿಂದ ಮಗುವಿಗೆ ಕೀಳರಿಮೆ ಹುಟ್ಟುತ್ತದೆ ಎಂದು ಸಾಲಾಗಿ ಜೋಡಿಸಿ ಹೇಳುವಷ್ಟು ಅದು ಸರಳವಾಗಿಲ್ಲ. ತೂಕ ಏರುವುದಕ್ಕೆ ಎಷ್ಟೋ ವರ್ಷ ಮೊದಲೇ, ಕೆಲವೊಮ್ಮೆ ತೂಕ ಏರದೆಯೇ, ತನ್ನ ಮೈಯ ಬಗೆಗೆ ಮಗುವಿನ ಅಂದಾಜು ಕೆಟ್ಟಿರುತ್ತದೆ ಎಂಬುದು ನನ್ನ ತಿಳುವಳಿಕೆ, ಮತ್ತು ನೀವು ಬರೆದಿರುವ ಇಬ್ಬರು ಮಕ್ಕಳೂ ಅದನ್ನೇ ಎರಡು ದಿಕ್ಕಿನಿಂದ ತೋರಿಸುತ್ತಿದ್ದಾರೆ.

ಈ ವಿಷಯದಲ್ಲಿ ಬಹಳವಾಗಿ ಉಲ್ಲೇಖಗೊಳ್ಳುವ ಅಧ್ಯಯನವೊಂದು ಡೆನ್ಮಾರ್ಕಿನ ಕೋಪನ್‌ಹೇಗನ್ನಿನದು. 1974ರಲ್ಲಿ ಅಲ್ಲಿನ 9–10 ವರ್ಷದ ಶಾಲಾಮಕ್ಕಳ ವಿವರಗಳನ್ನು ಸಂಗ್ರಹಿಸಿ, ಹತ್ತು ವರ್ಷಗಳ ಬಳಿಕ ಅವರನ್ನು ಮತ್ತೆ ಹುಡುಕಿ ನೋಡಲಾಯಿತು. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಮಗುವಿಗೆ ಮನೆಯ ಬೆಂಬಲ ಎಷ್ಟಿದೆ ಎಂಬುದನ್ನು ಅಲ್ಲಿ ಹೇಳಿದವರು ತರಗತಿಯ ಶಿಕ್ಷಕರು, ಮಗು ಎಷ್ಟು ಚೊಕ್ಕಟವಾಗಿದೆ ಎಂಬುದನ್ನು ಹೇಳಿದ್ದು ಶಾಲಾ ಆರೋಗ್ಯ ಸೇವೆ. ಕೊಳಕಾಗಿ, ಕೇಳುವವರಿಲ್ಲದಂತೆ ಶಾಲೆಗೆ ಬರುತ್ತಿದ್ದ ಮಕ್ಕಳು ತಾರುಣ್ಯದಲ್ಲಿ ಸ್ಥೂಲಕಾಯರಾಗುವ ಸಂಭವ ಉಳಿದವರಿಗಿಂತ ಹತ್ತಿರಹತ್ತಿರ 10 ಪಟ್ಟು ಕಂಡುಬಂತು. ಅಂಥ ಮಕ್ಕಳ ಸಂಖ್ಯೆ ಚಿಕ್ಕದಾದುದರಿಂದ ಈ ಅಂಕಿಯನ್ನು ಗಿಣಿಪಾಠದಂತೆ ಒಪ್ಪಿಸುವುದು ಬೇಡ. ಗಮನಿಸಬೇಕಾದ ಮಾತು ಬೇರೆಯದಿದೆ: ಬಾಲ್ಯದಲ್ಲಿ ಆ ಮಕ್ಕಳ ಮೈತೂಕ ಎಷ್ಟಿತ್ತು, ಮನೆಯ ಸ್ಥಿತಿಗತಿ ಹೇಗಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿಯಿತು. ಅತಿ ಮುದ್ದಿನಿಂದ ಬೆಳೆದ ಮಕ್ಕಳಲ್ಲಿ ಅಂಥ ಅಪಾಯ ಕಾಣಲಿಲ್ಲ ಎಂಬುದನ್ನೂ, ಮುದ್ದು ಮಾಡಿಯೇ ಮಕ್ಕಳು ಕೆಡುತ್ತಾರೆ ಎನ್ನುವ ನಮ್ಮ ಹಿರಿಯರ ಗಮನಕ್ಕಾಗಿ ಇಲ್ಲಿ ಸೇರಿಸುತ್ತೇನೆ.

2014ರಲ್ಲಿ 41 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯೊಂದು ಇದಕ್ಕೆ ಇನ್ನೊಂದು ಮುಖ ಕೊಟ್ಟಿತು. ಬಾಲ್ಯದಲ್ಲಿ ಅನುಭವಿಸಿದ ದೌರ್ಜನ್ಯ ಮತ್ತು ಅಲಕ್ಷ್ಯಕ್ಕೂ ಸ್ಥೂಲಕಾಯಕ್ಕೂ ಇರುವ ನಂಟು ವಯಸ್ಕರಲ್ಲಿ ಸ್ಪಷ್ಟವಾಗಿ ಕಂಡಿತು, ಆದರೆ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಹಾಗೆ ಕಾಣಲಿಲ್ಲ. ಎಂದರೆ, ಅಲಕ್ಷ್ಯಕ್ಕೆ ಸಿಕ್ಕಿದ ಮಗುವನ್ನು ಎಂಟನೆಯ ತರಗತಿಯಲ್ಲಿ ತಕ್ಕಡಿಗೆ ಹತ್ತಿಸಿದರೆ ಅಲ್ಲಿ ಏನೂ ಗೋಚರಿಸದೇ ಹೋಗಬಹುದು. ಅಷ್ಟರಲ್ಲಿ ಬೇರೆಲ್ಲೋ ಏನೋ ನಡೆದಿರುತ್ತದೆ.

ಆ ‘ಬೇರೆಲ್ಲೋ’ ಎಂಬುದನ್ನು ಅಳೆಯಲು ಮನೋವಿಜ್ಞಾನಿಗಳ ಬಳಿ ಒಂದು ಸರಳ ಸಾಧನವಿದೆ. ತೀರ ಸಣಕಲಿನಿಂದ ತೀರ ದಪ್ಪದವರೆಗಿನ ದೇಹಚಿತ್ರಗಳನ್ನು ಸಾಲಾಗಿ ಇಟ್ಟು, ‘ಇವುಗಳಲ್ಲಿ ನೀನು ಯಾವುದು? ಯಾವುದರಂತೆ ಇರಬೇಕು ಅಂತ ನಿನಗೆ ಆಸೆ?’ ಎಂದು ಕೇಳುತ್ತಾರೆ. ದೊಡ್ಡವರಿಗೆ ಒಂಬತ್ತು ಚಿತ್ರಗಳ ಸಾಲು 1983ರಲ್ಲಿ ಬಳಕೆಗೆ ಬಂತು. ಮಕ್ಕಳಿಗೆಂದು ಏಳು ಚಿತ್ರಗಳ ಸಾಲು 1991ರಲ್ಲಿ ಬಂತು. ಎರಡು ಉತ್ತರಗಳ ನಡುವಿನ ಅಂತರ ಮಗುವಿನ ಅತೃಪ್ತಿಯನ್ನೂ, ಮೊದಲ ಉತ್ತರಕ್ಕೂ ನಿಜವಾದ ತೂಕಕ್ಕೂ ಇರುವ ಅಂತರ ಅದರ ತಪ್ಪಂದಾಜನ್ನೂ ಹೇಳುತ್ತವೆ. ಹೆಣ್ಣುಮಕ್ಕಳು ಇರುವುದಕ್ಕಿಂತ ದಪ್ಪಗೆ, ಗಂಡುಮಕ್ಕಳು ಇರುವುದಕ್ಕಿಂತ ತೆಳ್ಳಗೆ ತಮ್ಮನ್ನು ಕಾಣುವುದು ಅನೇಕ ದೇಶಗಳಲ್ಲಿ ಕಂಡ ಸಂಗತಿ; ನಿಮ್ಮ ತರಗತಿಯ ಇಬ್ಬರ ನಡುವಿನ ವ್ಯತ್ಯಾಸದಲ್ಲಿ ಒಂದು ಪಾಲು ಇದರದೂ ಇರಬಹುದು. ಎಲ್ಲವನ್ನೂ ಅಲಕ್ಷ್ಯದ ಲೆಕ್ಕಕ್ಕೆ ಬರೆಯುವಂತಿಲ್ಲ.

ಹಾಗಿದ್ದರೂ ಅಲಕ್ಷ್ಯ ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಹಿಲ್ಡೆ ಬ್ರೂಕ್ ಎಂಬ ವೈದ್ಯೆ ಕಳೆದ ಶತಮಾನದ ನಡುಭಾಗದಲ್ಲಿಯೇ ಗುರುತಿಸಿದ್ದರು. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಅವರು ಮೊದಲು ಸ್ಥೂಲಕಾಯದ ಮಕ್ಕಳನ್ನು, ಮುಂದೆ ಊಟ ಬಿಟ್ಟು ಕೃಶರಾಗುವ ಹುಡುಗಿಯರನ್ನು ದೀರ್ಘಕಾಲ ನೋಡಿಕೊಂಡವರು. ಹಸಿವನ್ನು ಹಸಿವೆಂದು ಗುರುತಿಸುವುದನ್ನು ಮಗು ಕಲಿಯಬೇಕು, ಅದು ಅತ್ತಾಗ ಅದರ ಅಗತ್ಯಕ್ಕೆ ತಕ್ಕ ಪ್ರತಿಕ್ರಿಯೆ ಹಿರಿಯರಿಂದ ಮತ್ತೆ ಮತ್ತೆ ಸಿಕ್ಕಿದಾಗ ಮಾತ್ರ ಅದು ಕಲಿಯುತ್ತದೆ ಎಂಬುದು ಅವರ ವಾದದ ತಿರುಳು. ಹಸಿದಾಗ ಯಾರೂ ಬರದಿದ್ದರೆ, ಅಥವಾ ಹೆದರಿ ಅತ್ತಾಗಲೂ ಬಾಯಿಗೆ ತಿಂಡಿಯೇ ಬಂದರೆ, ಹಸಿವು, ಬೇಸರ, ಭಯ, ಒಂಟಿತನ ಇವೆಲ್ಲ ಒಳಗೆ ಒಂದೇ ಬಗೆಯ ಸಂಕಟವಾಗಿ ಕಲಸಿಹೋಗುತ್ತವೆ. ತನ್ನ ಹೊಟ್ಟೆ ಏನು ಹೇಳುತ್ತಿದೆ ಎಂದು ತಿಳಿಯದ ಮಗುವಿಗೆ ತನ್ನ ಮೈ ಎಷ್ಟಿದೆ ಎಂದು ತಿಳಿಯುವುದೂ ಕಷ್ಟವೇ.

ಇದನ್ನು ನಮ್ಮ ಊರುಗಳ ದಿನಚರಿಗೆ ತಂದು ನೋಡೋಣ. ಮನೆಯಲ್ಲಿ ಮಗುವಿನ ಮೈಯನ್ನು ಯಾರಾದರೂ ಗಮನಿಸುತ್ತಿರುವುದು ದೊಡ್ಡ ಸಂದರ್ಭಗಳಲ್ಲಲ್ಲ. ‘ಮುದ್ದೆ ಇನ್ನರ್ಧ ಹಾಕ್ಲಾ?’ ಎಂದು ಕೇಳುವುದು, ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡುವುದು, ಎಣ್ಣೆ ಹಚ್ಚುವಾಗ ‘ಯಾಕೋ ಸೊರಗಿದ್ದೀಯಲ್ಲ’ ಎನ್ನುವುದು, ಯುಗಾದಿಗೆ ಬಟ್ಟೆ ತರುವಾಗ ಅಳತೆ ನೆನಪಿಟ್ಟುಕೊಂಡಿರುವುದು, ಇಂಥ ಸಣ್ಣ ಮಾತುಕತೆಗಳಿಂದಲೇ ಮಗುವಿಗೆ ತನ್ನ ಮೈಯ ಬಗ್ಗೆ ಒಂದು ನಂಬುವಂಥ ಅಂದಾಜು ಕೂಡಿಬರುತ್ತದೆ. ಇವು ನಿಂತುಹೋದಾಗ ಆ ಜಾಗ ಖಾಲಿ ಉಳಿಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಎಸೆದ ‘ಡುಮ್ಮಿ’, ಮದುವೆಮನೆಯಲ್ಲಿ ದೂರದ ನೆಂಟರು ಆಡಿದ ‘ಏನಮ್ಮಾ, ಈ ಪಾಟಿ ಊದ್ಕೊಂಡಿದ್ದೀಯ’, ಮೊಬೈಲಿನಲ್ಲಿ ತಿದ್ದಿ ತೀಡಿದ ಮುಖಗಳು ಬಂದು ಅಲ್ಲಿ ಕೂರುತ್ತವೆ. ನಿಮ್ಮ ಸಹೋದ್ಯೋಗಿಗಳು ಮೊಬೈಲನ್ನು ದೂರುವುದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಅದೇ ಮೊಬೈಲನ್ನು ನೋಡುವ ಪಕ್ಕದ ಬೆಂಚಿನ ಹುಡುಗಿ ಬಿಸಿಯೂಟವನ್ನು ಪೂರ್ತಿ ಉಂಡು ಏಳುವುದೇಕೆ ಎಂದು ಅವರನ್ನು ಕೇಳಬೇಕು. ಇನ್ನು ನಿಮ್ಮ ಹುಡುಗನ ವಿಷಯ. ಅವನಿಗೆ ಕೆಟ್ಟ ಮಾತೂ ಬಂದಿಲ್ಲ, ಒಳ್ಳೆಯ ಮಾತೂ ಬಂದಿಲ್ಲ. ಯಾರೂ ಏನೂ ಹೇಳದ ಮೈ ಅವನ ಪಾಲಿಗೆ ಸರಿಯಾಗಿರುವ ಮೈಯೇ.

ತಪ್ಪಂದಾಜು ವಯಸ್ಸಿನೊಂದಿಗೆ ತಾನೇ ತಿಳಿಯಾಗುತ್ತದೆಂದು ಸುಮ್ಮನಿರುವಂತಿಲ್ಲ. ನಾರ್ವೆಯ ನೂರ್-ಟ್ರಾಂಡೆಲಾಗ್ ಪ್ರಾಂತ್ಯದಲ್ಲಿ 1995–97ರಲ್ಲಿ ಸರಿಯಾದ ತೂಕವೇ ಇದ್ದ ಹದಿಹರೆಯದವರನ್ನು ಸುಮಾರು 11 ವರ್ಷಗಳ ಬಳಿಕ ನೋಡಿದಾಗ, ಆಗ ತಮ್ಮನ್ನು ದಪ್ಪವೆಂದುಕೊಂಡಿದ್ದವರ ತೂಕ ಹಾಗೆ ಅಂದುಕೊಳ್ಳದಿದ್ದವರ ತೂಕಕ್ಕಿಂತ ಹೆಚ್ಚು ಏರಿತ್ತು. ಊಟ ಬಿಡುವುದು, ಆಮೇಲೆ ತಡೆಯಲಾರದೆ ಒಮ್ಮೆಗೇ ತಿನ್ನುವುದು, ಮನಸ್ಸಿನ ನಿರಂತರ ಒತ್ತಡ, ಇವು ಅದಕ್ಕೆ ಸಂಶೋಧಕರು ಊಹಿಸುವ ದಾರಿಗಳು.

ಒಂದು ಎಚ್ಚರಿಕೆ ಅಗತ್ಯ. ಈ ಕ್ಷೇತ್ರದ ಬಹುಪಾಲು ಅಧ್ಯಯನಗಳು ದೊಡ್ಡವರಾದ ಮೇಲೆ ನೆನಪಿನಿಂದ ಹೇಳಿದ ಬಾಲ್ಯವನ್ನು ಆಧರಿಸಿವೆ. ಬಾಲ್ಯದಲ್ಲಿಯೇ ದಾಖಲಾದ ಅಲಕ್ಷ್ಯ ಮತ್ತು ದೌರ್ಜನ್ಯವನ್ನು ದೊಡ್ಡವರಾದ ಮೇಲೆ ಸುಮಾರು ಅರ್ಧದಷ್ಟು ಮಂದಿ ಹೇಳಲೇ ಇಲ್ಲ ಎಂಬುದನ್ನು 2019ರ ವಿಶ್ಲೇಷಣೆಯೊಂದು ತೋರಿಸಿತು. ಹಾಗೆಯೇ, ಇಂದು ಮನಸ್ಸು ಕುಗ್ಗಿರುವವರು ತಮ್ಮ ಬಾಲ್ಯವನ್ನೂ ಮೈಯನ್ನೂ ಒಟ್ಟಿಗೆ ಕಪ್ಪಾಗಿ ಕಂಡಿರಬಹುದು.

ಬಡತನವನ್ನೂ ಅಲಕ್ಷ್ಯವನ್ನೂ ಒಂದೇ ಎಂದು ಎಣಿಸುವುದನ್ನು ನಾನು ಒಪ್ಪುವುದಿಲ್ಲ. ಮಕ್ಕಳ ಅಲಕ್ಷ್ಯವನ್ನು ಶಿಕ್ಷಾರ್ಹಗೊಳಿಸುವ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಕೂಡ ಬೇಕೆಂದೇ ಮಾಡಿದ ಅಲಕ್ಷ್ಯದ ಮಾತನ್ನಾಡುತ್ತದೆ. ಮಗಳ ಶಾಲೆ ಕೆಡಬಾರದೆಂದು ಅವಳನ್ನು ಊರಿನಲ್ಲಿ ಬಿಟ್ಟು ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ತಾಯಿಯನ್ನು ಆ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಕೈತುಂಬ ಪಾಕೆಟ್ ಮನಿ ಕೊಟ್ಟು ಮಗನ ಮುಖವನ್ನೇ ನೋಡದ ಮನೆಯ ಬಗ್ಗೆ ನನಗೆ ಅಷ್ಟು ಕರುಣೆಯಿಲ್ಲ.

ಮೈಸೂರು ಸೀಮೆಗೆ ಮಕ್ಕಳ ತೂಕದ ದಾಖಲೆ ಹೊಸದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುವ ಅದರಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟ ಪುಸ್ತಕಗಳು ಇಡೀ ಜಗತ್ತಿನ ವೈದ್ಯರಿಗೆ ಉಪಯೋಗಕ್ಕೆ ಬಂದಿವೆ. ಇಂದು ಅಂಗನವಾಡಿಯಲ್ಲಿಯೂ ಶಾಲೆಯಲ್ಲಿಯೂ ತೂಕ ನೋಡುತ್ತಾರೆ. ಆದರೆ ಆ ಕಾರ್ಡಿನಲ್ಲಿ ಮಗು ತನ್ನ ತೂಕದ ಬಗ್ಗೆ ಏನು ಅಂದುಕೊಂಡಿದೆ ಎಂದು ಬರೆಯುವುದಕ್ಕೆ ಜಾಗವಿಲ್ಲ, ಕೇಳುವುದಕ್ಕೆ ತಂಡದವರಿಗೆ ಪುರುಸೊತ್ತೂ ಇಲ್ಲ.

ಆ ಕೆಲಸ ನಿಮ್ಮಿಂದ ಆಗಬಹುದು. ‘ನೀನು ಸಣ್ಣಗೇ ಇದ್ದೀಯ, ತಿನ್ನು’ ಎಂದು ಹುಡುಗಿಯೊಡನೆ ವಾದಿಸಬೇಡಿ. ಅವಳ ಮೈಯ ಮೇಲೆ ಅದು ಮತ್ತೊಬ್ಬರ ತೀರ್ಪಾಗುತ್ತದೆ. ಊಟದ ಸಾಲಿನಲ್ಲಿ ಅವಳ ಪಕ್ಕ ಕುಳಿತು ಊಟ ಮಾಡಿ, ಬೆಳಿಗ್ಗೆ ಏನು ತಿಂದಳೆಂದು ಕೇಳಿ, ಮರುದಿನವೂ ಕೇಳಿ. ತರಗತಿಯ ಮುಂದೆ ಯಾರ ತೂಕವನ್ನೂ ಕೂಗಿ ಹೇಳದಂತೆ ತಪಾಸಣೆಯವರಿಗೆ ತಿಳಿಸಿ. ತಾಯಿ ಊರಿಗೆ ಬರುವ ಭಾನುವಾರ ದೂರು ಹೇಳದೆ ಒಮ್ಮೆ ಮಾತನಾಡಿ. ದಿನಾ ರಾತ್ರಿ ಫೋನಿನಲ್ಲಿ ಓದಿನ ಜೊತೆಗೆ ಊಟವನ್ನೂ ವಿಚಾರಿಸಲು ಅವರಿಗೆ ಖರ್ಚೇನೂ ಇಲ್ಲ. ಹುಡುಗನ ಮನೆಯವರನ್ನು ಕರೆಸಿ, ಮಕ್ಕಳ ಬಿಎಂಐಯನ್ನು, ಅಂದರೆ ಎತ್ತರಕ್ಕೆ ಹೋಲಿಸಿ ನೋಡುವ ತೂಕದ ಅಳತೆಯನ್ನು, ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ನಕ್ಷೆಯಲ್ಲಿ ನೋಡಬೇಕೆಂದು ವಿವರಿಸಿ. ಮನೆಯಲ್ಲಿ ಹೊಡೆತವೋ ಬೇಕೆಂದೇ ಉಪವಾಸ ಕೆಡಹುವುದೋ ಇದೆಯೆಂದು ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.

ಹುಡುಗಿ ದಿನೇ ದಿನೇ ಸೊರಗುತ್ತಿದ್ದರೆ, ತಲೆಸುತ್ತಿ ಕುಸಿದರೆ, ಶುರುವಾಗಿದ್ದ ಮುಟ್ಟು ನಿಂತರೆ, ಅಥವಾ ತಿಂದದ್ದನ್ನು ತಾನೇ ಕಕ್ಕುತ್ತಿರುವುದು ಕಂಡರೆ, ಮುಂದಿನ ತಪಾಸಣಾ ತಂಡ ಬರಲೆಂದು ಕಾಯದೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮಕ್ಕಳ ವಿಭಾಗಕ್ಕೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಕರೆದೊಯ್ಯಲು ಮನೆಯವರಿಗೆ ಹೇಳಿ. ಜೊತೆಗೆ ಒಂದು ಚೀಟಿಯನ್ನೂ ಬರೆದುಕೊಡಿ: ಅವಳು ತನ್ನ ಮೈಯ ಬಗ್ಗೆ ಏನು ಹೇಳುತ್ತಾಳೆ, ಎಷ್ಟು ದಿನದಿಂದ ಊಟ ಬಿಡುತ್ತಿದ್ದಾಳೆ, ಮನೆಯಲ್ಲಿ ಯಾರಿದ್ದಾರೆ ಎಂಬುದು ತೂಕದ ಕಾರ್ಡಿನಿಂದ ವೈದ್ಯರಿಗೆ ತಿಳಿಯುವುದಿಲ್ಲ.

— ಸಂ.