ಅರ್ಧ ಬಿಚ್ಚಿದ ಸಾರುವೆಯ ಮೇಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಾರುವೆ ಕಟ್ಟುವವರ, ಬಿಚ್ಚುವವರ ಸುರಕ್ಷತೆಯ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಸೇರಿಸಿ ಉತ್ತರಿಸಿದ್ದೇವೆ.

ನನ್ನ ಹತ್ತಿರ ಸಾರುವೆ ಕಟ್ಟುವ ಎಂಟು ಹುಡುಗರಿದ್ದಾರೆ, ಎಲ್ಲರೂ ಐದಾರು ವರ್ಷ ಪಳಗಿದವರು. ತರಬೇತಿ ಆಗದೆ ಸೈಟಿನೊಳಗೆ ಬಿಡುವುದಿಲ್ಲ ಎಂದು ಎಂಜಿನಿಯರು ಹಟ ಹಿಡಿದಿದ್ದಾರೆ. ಒಂದು ತಾಸು ಕೂರಿಸಿ ಹೇಳಿದರೆ ಸಾಲದೆ? — ಗುತ್ತಿಗೆದಾರರು, ತುಮಕೂರು

ಸಾಲದು. ಒಂದು ತಾಸಿನ ಮಾತಿನಿಂದ ತಲೆಗೆ ಹೆಲ್ಮೆಟ್ ಏರಬಹುದು, ಕೈಯ ರೂಢಿ ಬದಲಾಗುವುದಿಲ್ಲ. ಗಾರೆಯವನು ಸಾರುವೆ ಹತ್ತುವ ಹೊತ್ತಿಗೆ ಹಲಗೆ, ಕೈಕಂಬಿ, ಏಣಿ ಎಲ್ಲವೂ ಸಿದ್ಧವಾಗಿರುತ್ತವೆ. ಅದನ್ನು ಕಟ್ಟುವವನಿಗೆ ಇವು ಯಾವುವೂ ಇರುವುದಿಲ್ಲ, ಅವನ್ನೆಲ್ಲ ಮೇಲಕ್ಕೆ ಒಯ್ಯುವವನೇ ಅವನು. ಆದ್ದರಿಂದ ಅವನ ತರಬೇತಿ ಪೂರ್ತಿಯಾದ ಸಾರುವೆಯ ಚಿತ್ರ ತೋರಿಸಿ ಮುಗಿಯುವಂಥದ್ದಲ್ಲ. ಅರ್ಧ ಕಟ್ಟಿದ, ಅರ್ಧ ಬಿಚ್ಚಿದ ಸಾರುವೆಯ ಮೇಲೇ ಅದು ನಡೆಯಬೇಕು.

ಸೈಟಿನ ಖಾಲಿ ಜಾಗದಲ್ಲಿ ಗೋಡೆಯೊಂದಕ್ಕೆ ಒತ್ತಿ ಎರಡು ಅಂಕಣ (ಕಂಬದಿಂದ ಕಂಬದವರೆಗಿನ ಜಾಗ) ಉದ್ದ, ಎರಡು ಹಂತ ಎತ್ತರದ ಕಪ್‌ಲಾಕ್ ಸಾರುವೆ, ಅಂದರೆ ಕಂಬದ ಮೇಲಿನ ಬಟ್ಟಲಿನಂಥ ಕಪ್ಪಿಗೆ ಅಡ್ಡಪೈಪು ಸಿಕ್ಕಿಸುವಂಥದ್ದು, ಕಟ್ಟಿಸಿ. ಮೊದಲ ಪಾಠ ನೆಲದ್ದು. ಕಂಬದ ಕಾಲಡಿಯ ಬೇಸ್ ಪ್ಲೇಟು 150 ಮಿ.ಮೀ. ಚೌಕ. ಒಂದು ಕಾಲಿನ ಮೇಲೆ ಒಂದು ಟನ್ ಭಾರ ಬಂದರೆ ಆ ಚೌಕದ ಕೆಳಗಿನ ಒತ್ತಡ ಚದರ ಮೀಟರಿಗೆ 44 ಟನ್ ಆಗುತ್ತದೆ. ಪಾಯ ಅಗೆದು ತುಂಬಿದ ಸಡಿಲ ಮಣ್ಣು ಅಷ್ಟನ್ನು ತಾಳುವುದಿಲ್ಲ. ಅದಕ್ಕೇ ಪ್ಲೇಟಿನಡಿ ಸುಮಾರು 225 ಮಿ.ಮೀ. ಅಗಲ, 38 ಮಿ.ಮೀ. ದಪ್ಪದ ಹಲಗೆಯನ್ನು ಎರಡು ಕಾಲಿಗೆ ಒಂದರಂತೆ ಹಾಸುವುದು. ಇಟ್ಟಿಗೆ ಚೂರು, ಹಾಲೋ ಬ್ಲಾಕು ಕೊಟ್ಟು ಮಟ್ಟ ಮಾಡುವ ಚಾಳಿಯನ್ನು ಇಲ್ಲೇ ಬಿಡಿಸಿ. ಅವು ನಿಧಾನವಾಗಿ ಕುಸಿಯುವುದಿಲ್ಲ, ಒಮ್ಮೆಲೇ ಒಡೆಯುತ್ತವೆ.

ಆಮೇಲೆ ಕಪ್ಪಿನ ಪಾಠ. ಕಂಬಕ್ಕೆ ಪ್ರತಿ 500 ಮಿ.ಮೀ.ಗೆ ಒಂದರಂತೆ ಕೆಳಕಪ್ಪು ಬೆಸೆದಿರುತ್ತದೆ. ಲೆಡ್ಜರಿನ (ಅಡ್ಡಪೈಪಿನ) ನಾಲಿಗೆಯನ್ನು ಅದರಲ್ಲಿ ಕೂರಿಸಿ, ಮೇಲಿನ ಕಪ್ಪನ್ನು ಇಳಿಸಿ ತಿರುಗಿಸಿ, ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಬೇಕು. ಹಳೆಯ ಕಾಂಕ್ರೀಟು ಹಾಲು ಒಣಗಿ ಕಪ್ಪಿನಲ್ಲಿ ಕೂತಿದ್ದರೆ ನಾಲಿಗೆ ಪೂರ್ತಿ ಇಳಿಯುವುದಿಲ್ಲ, ಆದರೂ ಬಿಗಿಯಾದಂತೆ ಕಾಣುತ್ತದೆ. ಹೊಡೆದಾದ ಮೇಲೆ ಲೆಡ್ಜರನ್ನು ಕೈಯಿಂದ ಅಲುಗಿಸಿ ನೋಡುವುದನ್ನು ರೂಢಿ ಮಾಡಿಸಿ. ಮೊದಲ ಲೆಡ್ಜರು ನೆಲಕ್ಕೆ ಹತ್ತಿರವೇ ಇರಲಿ. ರಸಮಟ್ಟ ಇಟ್ಟು ಕಂಬ ನೆಟ್ಟಗಿದೆಯೇ ನೋಡದೆ ಎರಡನೆಯ ಹಂತಕ್ಕೆ ಏರಬಾರದು. ಕೆಳಗೆ ಒಂದು ಬೆರಳಷ್ಟಿದ್ದ ಓರೆ ಆರನೆಯ ಹಂತಕ್ಕೆ ಹೋಗುವಾಗ ಅರ್ಧ ಗೇಣಾಗಿರುತ್ತದೆ.

ಪೈಪು-ಕ್ಲಾಂಪಿನ ಸಾರುವೆಯಾದರೆ ಸ್ಪ್ಯಾನರಿನ ಬಿಗಿಯನ್ನೂ ಕಲಿಸಬೇಕು. ಒಂದಡಿ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 17 ಕೆ.ಜಿ. ಬಲ ಹಾಕಿದರೆ ಕ್ಲಾಂಪಿಗೆ ಬೇಕಾದ ಬಿಗಿ ಬರುತ್ತದೆ. ಸ್ಪ್ಯಾನರಿನ ಮೇಲೆ ಕಾಲಿಟ್ಟು ಒತ್ತುವವರು ಬೋಲ್ಟಿನ ಮರೆ (ಥ್ರೆಡ್) ಕೊಲ್ಲುತ್ತಾರೆ. ಮುಂದಿನ ಸಲ ಅದೇ ಕ್ಲಾಂಪು ಜಾರುತ್ತದೆ.

ಮರುದಿನ ಹುಡುಗರು ಬರುವ ಮೊದಲೇ ಆ ಸಾರುವೆಯಲ್ಲಿ ಐದು ತಪ್ಪು ಮಾಡಿಡಿ: ಸಡಿಲ ಕಪ್ಪು ಒಂದು, ಬಿಟ್ಟುಹೋದ ಕ್ರಾಸ್ ಬ್ರೇಸಿಂಗ್ (ಓರೆಯಾಗಿ ಬಿಗಿಯುವ ಪೈಪು), ಬಿರುಕು ಬಿಟ್ಟ ಕ್ಲಾಂಪು, ನಡುಕಂಬಿ ಇಲ್ಲದ ಜಾಗ, ತುದಿ ಚಾಚಿದ ಹಲಗೆ. 38 ಮಿ.ಮೀ. ದಪ್ಪದ ಹಲಗೆ ಆಧಾರದಿಂದಾಚೆ 50 ಮಿ.ಮೀ.ಗಿಂತ ಕಡಿಮೆ ಚಾಚಿದ್ದರೆ ಜಾರುತ್ತದೆ, 150 ಮಿ.ಮೀ. ದಾಟಿದರೆ ತುದಿ ತುಳಿದಾಗ ಮಗುಚುತ್ತದೆ. ಐದನ್ನೂ ಅವರೇ ನೆಲದಲ್ಲಿ ನಿಂತು ಹುಡುಕಲಿ. ಪಳಗಿದವರು ಎಂದಿರಲ್ಲ, ಎಷ್ಟು ಪಳಗಿದ್ದಾರೆಂದು ಆಗ ನಿಮಗೂ ಗೊತ್ತಾಗುತ್ತದೆ.

ಪಳಗಿದವರಿಗೆ ಇಂಥ ಎರಡು ದಿನ ಬೇಕು. ಹೊಸಬರಿಗೆ ಎರಡು ದಿನದ ಮೇಲೂ ಕೆಲವು ವಾರ ಜೋಡಿಯಾಗಿ ಒಬ್ಬ ಅನುಭವಿ ಇರಬೇಕು. ಹೇಳುವುದು ಅವರ ಮಾತಿನಲ್ಲೇ ಇರಲಿ. ಯಾದಗಿರಿಯ ಹುಡುಗನೂ ಒಡಿಶಾದ ಹುಡುಗನೂ ಒಂದೇ ಪೈಪು ಹಿಡಿದಿರುವಾಗ ‘ಬಿಡು’, ‘ಹಿಡಿ’, ‘ನಿಲ್ಲು’ ಎಂಬ ಮೂರು ಕೂಗು ಇಬ್ಬರಿಗೂ ಒಂದೇ ಆಗಿರಲೇಬೇಕು. ಜವಾಬ್ದಾರ ವ್ಯಕ್ತಿಯ ಮೇಲ್ವಿಚಾರಣೆ ಇಲ್ಲದೆ ಸಾರುವೆ ಕಟ್ಟಬಾರದು, ಬದಲಿಸಬಾರದು, ಬಿಚ್ಚಬಾರದು ಎಂದು ಕಟ್ಟಡ ಕಾರ್ಮಿಕರ ಕುರಿತ 1998ರ ಕೇಂದ್ರ ನಿಯಮಗಳಲ್ಲೇ ಹೇಳಿತ್ತು. ಆ ವ್ಯಕ್ತಿ ಯಾರೆಂದು ಬೆಳಗ್ಗೆಯೇ ಹೆಸರು ಹಿಡಿದು ಹೇಳಿಬಿಡಿ.

ಬಣ್ಣ ಮುಗಿದ ಮೇಲೆ ಮೂರಂತಸ್ತಿನ ಸಾರುವೆ ಬಿಚ್ಚುತ್ತಿದ್ದೆವು. ಅರ್ಧ ದಿನದ ಹೊತ್ತಿಗೆ ಇಡೀ ಸಾರುವೆ ರಸ್ತೆ ಕಡೆ ವಾಲಿತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಕಟ್ಟಿದಾಗಿನಿಂದ ಎರಡು ತಿಂಗಳು ಕದಲದೆ ನಿಂತದ್ದು ಬಿಚ್ಚುವಾಗ ಯಾಕೆ ಹೀಗಾಯಿತು? — ಸೂಪರ್‌ವೈಸರ್, ಹುಬ್ಬಳ್ಳಿ

ನೀವು ಬಿಚ್ಚಲು ಹೋದದ್ದು ನೀವು ಕಟ್ಟಿದ ಸಾರುವೆಯಾಗಿರಲಿಲ್ಲ. ಆ ಎರಡು ತಿಂಗಳಲ್ಲಿ ಗಾರೆಯವರು ಗೋಡೆಗೆ ಅಡ್ಡ ಬಂತೆಂದು ವಾಲ್ ಟೈ (ಸಾರುವೆಯನ್ನು ಕಟ್ಟಡಕ್ಕೆ ಬಿಗಿಯುವ ಕೊಂಡಿ) ತೆಗೆದಿರುತ್ತಾರೆ, ಪ್ಲಂಬರು ದಾರಿಗಾಗಿ ಬ್ರೇಸಿಂಗ್ ಬಿಚ್ಚಿರುತ್ತಾನೆ, ಬಣ್ಣದವರು ಹಲಗೆ ಪಕ್ಕಕ್ಕೆ ಎಳೆದಿರುತ್ತಾರೆ. ತೆಗೆದದ್ದನ್ನು ಮರಳಿ ಹಾಕುವವರು ಕಡಿಮೆ. ಕಿಟಕಿಯ ಚೌಕಟ್ಟಿಗೆ ಒತ್ತಿ ನಿಲ್ಲಿಸಿದ ಟೈ ಆಗಿದ್ದರೆ ಮರದ ತುಂಡು ಒಣಗಿ ತಾನಾಗಿಯೇ ಸಡಿಲವಾಗಿರುತ್ತದೆ. ಹಾಗಾಗಿ ಬಿಚ್ಚುವ ದಿನದ ಮೊದಲ ಕೆಲಸವೆಂದರೆ ಕೆಳಗಿನಿಂದ ಮೇಲಿನವರೆಗೆ ಟೈ, ಬ್ರೇಸಿಂಗ್ ಎಣಿಸುತ್ತ ಹೋಗಿ, ಇಲ್ಲದಿರುವುದನ್ನು ಹಾಕುವುದು. ಬಿಚ್ಚಲಿಕ್ಕೇ ಹೊರಟಾಗ ಹೊಸದಾಗಿ ಟೈ ಹಾಕಲು ಯಾರಿಗೂ ಮನಸ್ಸಾಗುವುದಿಲ್ಲ, ಅನಾಹುತ ಆಗುವುದೂ ಅಲ್ಲೇ.

ಟೈ ಇಲ್ಲದ ಸಾರುವೆ ಎಷ್ಟು ಎತ್ತರ ನಿಲ್ಲಬಲ್ಲದು? ಅಮೆರಿಕದ ಸುರಕ್ಷತಾ ನಿಯಮದ ಲೆಕ್ಕ ಸರಳ: ತಳದ ಕಿರಿದಾದ ಅಗಲದ ನಾಲ್ಕು ಪಟ್ಟು ದಾಟಿದರೆ ಕಟ್ಟಡಕ್ಕೆ ಬಿಗಿಯಲೇಬೇಕು. ನಮ್ಮ ಸಾರುವೆಗಳ ಅಗಲ ಸುಮಾರು 1.2 ಮೀಟರು, ಅಂದರೆ 5 ಮೀಟರಿನೊಳಗೇ ಮೊದಲ ಟೈ ಬರಬೇಕು. ಅಲ್ಲಿಂದ ಮೇಲೆ ಒಂದು ಹಂತ ಬಿಟ್ಟು ಒಂದು ಹಂತಕ್ಕೆ, ಅಂದರೆ 4 ಮೀಟರಿಗೊಂದು, ಎರಡು ತುದಿಯಲ್ಲೂ ತಪ್ಪದೆ. ಹಸಿರು ಬಲೆ ಹೊದಿಸಿದ್ದರೆ ಗಾಳಿ ಅದನ್ನು ಹಾಯಿಯಂತೆ ತಳ್ಳುತ್ತದೆ, ಟೈ ಇನ್ನೂ ಒತ್ತಾಗಿರಬೇಕು. ಆದ್ದರಿಂದ ಬಿಚ್ಚುವಾಗ ಆಯಾ ಹಂತದ ಬಲೆಯನ್ನು ಮೊದಲು ಇಳಿಸಿ, ಆಮೇಲೆ ಟೈಗೆ ಕೈ ಹಾಕಿ.

ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ. ತೆಳ್ಳಗಿನ ಕಂಬ ತಾಳುವ ಭಾರ, ಆಧಾರವಿಲ್ಲದ ಅದರ ಉದ್ದದ ಮೇಲೆ ನಿಂತಿದೆ. ಲೆಡ್ಜರುಗಳ ನಡುವೆ 2 ಮೀಟರು ಇದ್ದದ್ದು, ಒಂದನ್ನು ಬಿಚ್ಚಿದಾಗ 4 ಮೀಟರಾಯಿತು ಎನ್ನಿ. ಆ ಕಂಬದ ತಾಳಿಕೆ ಅರ್ಧಕ್ಕಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ‘ಕೆಳಗಿನ ಲೆಡ್ಜರು ಹೇಗೂ ಬೇಡ, ಬೇರೆ ಸೈಟಿಗೆ ಕಳಿಸೋಣ’ ಎಂದು ನಡುವಿನಿಂದ ಒಂದೆರಡು ಎಳೆದರೆ ಮೇಲೆ ನಿಂತವರ ಕಾಲ ಕೆಳಗಿನ ಬಲವೇ ಹೋಗುತ್ತದೆ. ಅದೇ ಹೊತ್ತಿಗೆ ಬಿಚ್ಚಿದ ಪೈಪು, ಹಲಗೆಗಳನ್ನು ಒಂದೇ ಅಂಕಣದಲ್ಲಿ ಪೇರಿಸುತ್ತಾರೆ. 4 ಮಿ.ಮೀ. ದಪ್ಪದ 6 ಮೀಟರ್ ಪೈಪು 26 ಕೆ.ಜಿ. ತೂಗುತ್ತದೆ, ಇಪ್ಪತ್ತು ಪೈಪು ಅರ್ಧ ಟನ್ ದಾಟುತ್ತದೆ. ಸಾಮಾನ್ಯ ಸಾರುವೆಯ ಒಂದು ಚದರ ಮೀಟರು ಹೊರುವುದು ಸುಮಾರು 200 ಕೆ.ಜಿ., ಆಳುಗಳೂ ಸೇರಿ.

ಕ್ರಮ ಹೀಗಿರಲಿ. ಮೇಲಿನ ಹಂತದ ಸಾಮಾನು, ಕಸ ಮೊದಲು ಇಳಿಯಬೇಕು. ಆಳುಗಳು ಅದರ ಕೆಳಗಿನ ಹಂತದಲ್ಲಿ, ಪೂರ್ತಿ ಹಲಗೆ ಹಾಸಿದ ಜಾಗದಲ್ಲಿ ನಿಂತು ಮೇಲಿನ ಹಲಗೆಗಳನ್ನು ಕಳಚಿಕೊಳ್ಳಬೇಕು. ಆಮೇಲೆ ಕೈಕಂಬಿ, ಲೆಡ್ಜರು, ಕಂಬ. ಒಂದು ಹಂತ ಇಡಿಯಾಗಿ ಇಳಿದ ಮೇಲೆಯೇ ಮುಂದಿನದು. ಟೈ ಬಿಚ್ಚುವುದು ಅದರ ಮೇಲಿನದೆಲ್ಲ ಇಳಿದ ನಂತರ, ಒಂದು ಗಳಿಗೆ ಮೊದಲೂ ಅಲ್ಲ. ಬಿಚ್ಚಿದ್ದು ಹಗ್ಗ-ರಾಟೆಯಲ್ಲೋ ಕೈಯಿಂದ ಕೈಗೋ ಇಳಿಯಲಿ. ಒಂದೂಕಾಲು ಕೆ.ಜಿ. ಕ್ಲಾಂಪನ್ನು 12 ಮೀಟರಿನಿಂದ ಎಸೆದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 55 ಕಿ.ಮೀ. ಅದನ್ನು ಯಾವ ಹೆಲ್ಮೆಟ್ಟೂ ತಡೆಯುತ್ತದೆಂದು ನಂಬಬೇಡಿ. ಕೆಳಗೆ ಹಗ್ಗ ಕಟ್ಟಿ, ಕಾಯಲು ಒಬ್ಬನನ್ನು ನಿಲ್ಲಿಸಿ. ಸಂಜೆ ಅರ್ಧಕ್ಕೆ ಬಿಟ್ಟು ಹೋಗುವುದಾದರೆ ಏಣಿ ತೆಗೆದು, ಏರಬಾರದೆಂಬ ಫಲಕ ತೂಗುಹಾಕಿ. ಮರುದಿನ ಬೆಳಗ್ಗೆ ಬರುವ ಬಣ್ಣದವನಿಗೆ ಯಾವ ಟೈ ಬಿಚ್ಚಿದೆ ಎಂದು ಹೇಗೆ ಗೊತ್ತಾಗಬೇಕು?

ಸೇಫ್ಟಿ ಬೆಲ್ಟ್ ಕೊಟ್ಟಿದ್ದಾರೆ. ಕಟ್ಟುವಾಗ ಕೊಕ್ಕೆ ಎಲ್ಲಿಗೆ ಹಾಕುವುದು? ತಲೆಯ ಮೇಲೆ ಏನೂ ಇರುವುದಿಲ್ಲ. — ಕಾರ್ಮಿಕರು, ಬಳ್ಳಾರಿ

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟಾದರೆ ತೆಗೆದುಕೊಳ್ಳಬೇಡಿ. ಬಿದ್ದಾಗ ಬೆನ್ನುಮೂಳೆ, ಹೊಟ್ಟೆಯ ಅಂಗಗಳಿಗೆ ಅದೇ ಏಟು ಕೊಡುತ್ತದೆ. ಹೆಗಲು, ತೊಡೆ ಹಿಡಿಯುವ ಪೂರ್ತಿ ಹಾರ್ನೆಸ್, ಎರಡು ಕೊಕ್ಕೆಯ ಹಗ್ಗ, ಅದರಲ್ಲಿ ಏಟು ಹೀರುವ ಪೊಟ್ಟಣ, ಐಎಸ್ 3521 ಗುರುತು, ಇಷ್ಟು ಇರಲೇಬೇಕು.

ನಿಮ್ಮ ತೊಂದರೆ ನಿಜವಾದದ್ದು. ಕಾಲ ಮಟ್ಟದಲ್ಲಿ ಕೊಕ್ಕೆ ಹಾಕಿ ಬಿದ್ದರೆ ಲೆಕ್ಕ ಹೀಗೆ: ಹಗ್ಗ 2 ಮೀಟರು, ಪೊಟ್ಟಣ ಬಿಚ್ಚಿಕೊಳ್ಳುವುದು 1.75 ಮೀಟರಿನವರೆಗೆ, ಹಾರ್ನೆಸ್ಸಿನ ಬೆನ್ನಿನ ಬಳೆಯಿಂದ ಪಾದಕ್ಕೆ 1.5, ಸುರಕ್ಷತೆಗೆ ಬಿಡುವ ಉಳಿಕೆ ಒಂದು ಮೀಟರು. ಒಟ್ಟು ಆರೂಕಾಲು ಮೀಟರು. ನೀವು 4 ಮೀಟರು ಎತ್ತರದಲ್ಲಿದ್ದರೆ ಬೆಲ್ಟ್ ಹಿಡಿಯುವ ಮೊದಲೇ ನೆಲ ಸಿಗುತ್ತದೆ. ಕೆಳ ಹಂತಗಳಲ್ಲಿ ನಿಮ್ಮನ್ನು ಕಾಯುವುದು ಕೈಕಂಬಿಯೇ ಹೊರತು ಬೆಲ್ಟಲ್ಲ.

ಹಾಗಾಗಿ ಕ್ರಮ ಬದಲಿಸಿ. ಹಲಗೆ ತುಂಬಿದ ಹಂತದಲ್ಲಿ ನಿಂತೇ ಮೇಲಿನ ಹಂತದ ಕಂಬ, ಲೆಡ್ಜರುಗಳನ್ನು ಕೂರಿಸಿ. ಈಗ ತಲೆಯ ಮಟ್ಟದಲ್ಲಿ ಕೊಕ್ಕೆಗೆ ಜಾಗ ಸಿಕ್ಕಿತು. ಮೇಲಿನ ಹಲಗೆಯನ್ನು ಕೆಳಗಿನಿಂದಲೇ ಹಾಸಿ, ಏಣಿಯಲ್ಲಿ ಏರಿ, ಹಲಗೆಗೆ ಕಾಲಿಡುವ ಮೊದಲೇ ಕೊಕ್ಕೆ ಹಾಕಿ. ಅಲ್ಲಿ ಮೊದಲ ಕೆಲಸ ಸುಮಾರು ಒಂದು ಮೀಟರು ಎತ್ತರದ ಕೈಕಂಬಿ. ಬ್ರಿಟನ್ನಿನ ಸಾರುವೆಯವರೂ ಇದೇ ತತ್ವ ಹಿಡಿದಿದ್ದಾರೆ: ಕೈಕಂಬಿಯಾದರೂ ಇರುವ ಜಾಗ ಮೊದಲು, ಉಳಿದ ಕೆಲಸ ಆಮೇಲೆ. ಕೊಕ್ಕೆ ಬೀಳುವುದು ಬಿಗಿಯಾದ ಲೆಡ್ಜರಿಗೆ, ಕಂಬದ ಹತ್ತಿರ. ಕೈಕಂಬಿಗೆ, ಬಿಗಿಯದ ಪೈಪಿಗೆ ಬೇಡ. ಒಂದು ಕೊಕ್ಕೆ ಬಿಡಿಸುವ ಮುನ್ನ ಇನ್ನೊಂದು ಹಿಡಿದಿರಬೇಕು.

ಬಿದ್ದು ತೂಗಾಡುವವನನ್ನು ಕೆಲವೇ ನಿಮಿಷಗಳಲ್ಲಿ ಇಳಿಸಬೇಕು, ತೊಡೆಯ ಪಟ್ಟಿ ರಕ್ತ ಓಡಾಟ ತಡೆಯುತ್ತದೆ. ಯಾವ ಏಣಿ, ಯಾರು ಏರುವುದು ಎಂದು ಬೆಳಗ್ಗೆಯೇ ತೀರ್ಮಾನವಾಗಿರಲಿ. ಒಮ್ಮೆ ಬಿದ್ದವನನ್ನು ಹಿಡಿದ ಹಾರ್ನೆಸ್ಸನ್ನು ಕತ್ತರಿಸಿ ಎಸೆಯಿರಿ.

ನಮ್ಮಲ್ಲಿ ಈಗಲೂ ಸರ್ವೆ ಗಳ, ಬಿದಿರಿನ ಸಾರುವೆಯೇ. ಮನೆ ಕಟ್ಟಿಸುವವರು ಏನು ನೋಡಬೇಕು? — ತೀರ್ಥಹಳ್ಳಿ

ಗಳದ ಬುಡ ಮತ್ತು ಕಟ್ಟು. ಮಣ್ಣಲ್ಲಿ ಹೂತ ಬುಡವನ್ನು ಗೆದ್ದಲು, ತೇವ ತಿಂದಿರುತ್ತದೆ. ಕತ್ತಿಯ ಬೆನ್ನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ತೆಂಗಿನ ನಾರಿನ ಹಗ್ಗ ಮಳೆಯಲ್ಲಿ ನೆನೆದಾಗ ಬಿಗಿದುಕೊಳ್ಳುತ್ತದೆ, ಬಿಸಿಲಿಗೆ ಒಣಗಿದಾಗ ಸಡಿಲವಾಗುತ್ತದೆ. ಮಳೆ ಬಿಟ್ಟು ಎರಡು ಬಿಸಿಲು ಬಿದ್ದ ಮೇಲೆ ಪ್ರತಿ ಕಟ್ಟನ್ನೂ ಬಿಗಿಸಿ ಕಟ್ಟಿಸಿ. ಗಳಕ್ಕೆ ಗಳ ಜೋಡಿಸುವಲ್ಲಿ ಆಳುದ್ದ ಮೇಲೆ ಮೇಲೆ ಬರಲಿ, ಮೂರು ಕಡೆ ಕಟ್ಟಿರಲಿ. ಬಿಚ್ಚುವಾಗ ಹಗ್ಗವನ್ನು ಕತ್ತಿಯಿಂದ ಕತ್ತರಿಸುತ್ತ ಹೋಗುವ ರೂಢಿಯಿದೆ. ಕತ್ತರಿಸುವವನು ನಿಂತ ಗಳವೂ ಅದೇ ಕಟ್ಟಿನ ಮೇಲಿದೆಯೇ ಎಂದು ಕೆಳಗಿನಿಂದ ಒಬ್ಬರು ನೋಡುತ್ತಿರಬೇಕು.

ಕೊಲ್ಲಿಗೆ ಸ್ಕ್ಯಾಫೋಲ್ಡರ್ ಕೆಲಸಕ್ಕೆ ಹೊರಟಿದ್ದೇನೆ. ಏನು ಕಲಿತಿರಬೇಕು? — ಭಟ್ಕಳ

ಅಲ್ಲಿ ಟ್ಯಾಗ್ ನೋಡಿ ಏರುವ ಪದ್ಧತಿ. ಹಸಿರು ಬಳಸಬಹುದಾದದ್ದು, ಹಳದಿ ಷರತ್ತಿನ ಮೇಲೆ, ಕೆಂಪು ಏರಬಾರದ್ದು. ಕಟ್ಟುತ್ತಿರುವಾಗ, ಬಿಚ್ಚುತ್ತಿರುವಾಗ ಇರುವುದು ಕೆಂಪೇ. ಅದರ ಮೇಲೆ ನೀವು ಮಾತ್ರ ಇರುತ್ತೀರಿ. ಟ್ಯಾಗಿನಲ್ಲಿ ತಪಾಸಣೆಯ ದಿನಾಂಕ, ತಾಳುವ ಭಾರ ಬರೆದಿರುತ್ತದೆ. ಅಷ್ಟು ಇಂಗ್ಲಿಷ್ ಓದಲು ಕಲಿತುಕೊಳ್ಳಿ. ಸಾರುವೆಯವರಿಗೆ ತರಬೇತಿ, ಕಾರ್ಡು ಕೊಡುವ ಬ್ರಿಟನ್ ಮೂಲದ ಸಿಐಎಸ್‌ಆರ್‌ಎಸ್ ಯೋಜನೆಯಲ್ಲಿ ಹೊರದೇಶದವರಿಗಾಗಿಯೇ ಮೂರು ಮಟ್ಟದ ತರಬೇತಿಯಿದೆ. ಏಜೆಂಟರು ಕೇಳುವ ಕಾರ್ಡು ಯಾವುದು, ಅದು ಯಾವ ಮಟ್ಟದ್ದು ಎಂದು ಹಣ ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ.

ಕಟ್ಟಡದ ಪಕ್ಕದಲ್ಲೇ 11 ಕೆ.ವಿ. ಲೈನು. ಎಷ್ಟು ದೂರ ಬಿಟ್ಟರೆ ಸಾರುವೆ ಕಟ್ಟಬಹುದು? — ಮಂಡ್ಯ

ಸಾರುವೆಯಿಂದಷ್ಟೇ ಅಳೆಯಬೇಡಿ, ಕೈಯಲ್ಲಿರುವ ಪೈಪಿನ ತುದಿಯಿಂದ ಅಳೆಯಿರಿ. 50 ಕೆ.ವಿ.ಯೊಳಗಿನ ಬರಿತಂತಿಗೆ ಅಮೆರಿಕದ ನಿಯಮ ಕೇಳುವುದು ಸುಮಾರು 3 ಮೀಟರು ಅಂತರ, ಸಾರುವೆಗೂ ಅದರ ಮೇಲಿನ ಸಾಮಾನಿಗೂ ಸೇರಿ. ನೆಟ್ಟಗೆ ಹಿಡಿದ 6 ಮೀಟರ್ ಪೈಪು ಆಯ ತಪ್ಪಿ ವಾಲಿದರೆ ಆ 3 ಮೀಟರು ಉಳಿಯುವುದಿಲ್ಲ. ಲೈನಿನ ಕಡೆ 3 ಮೀಟರಿಗಿಂತ ಉದ್ದದ ಪೈಪು ತರಬೇಡಿ, ತಂದದ್ದನ್ನು ಮಲಗಿಸಿಯೇ ಒಯ್ಯಿರಿ. ಅಂತರ ಸಿಗದಿದ್ದರೆ ವಿದ್ಯುತ್ ಕಂಪನಿಯ ಸೆಕ್ಷನ್ ಕಚೇರಿಗೆ ಅರ್ಜಿ ಕೊಟ್ಟು ಲೈನ್ ಕ್ಲಿಯರ್, ಅಂದರೆ ಲೈನಿನ ವಿದ್ಯುತ್ ಕಡಿದು ಕೊಡುವ ಅನುಮತಿ, ಪಡೆಯಿರಿ. ‘ಕರೆಂಟ್ ಹೋಗಿದೆ’ ಎಂಬುದು ಲೈನ್ ಕ್ಲಿಯರ್ ಅಲ್ಲ, ಅದು ಯಾವ ಗಳಿಗೆಯಲ್ಲಾದರೂ ಬರಬಹುದು. ಕಟ್ಟುವ ದಿನಕ್ಕೆ ಒಂದು ಸಲ ಪಡೆದರೆ ಆಗದು, ಬಿಚ್ಚುವ ದಿನಕ್ಕೂ ಬೇರೆಯಾಗಿ ಅರ್ಜಿ ಕೊಡಿ.